ಎರಡನೆಯ ಪ್ರಶ್ನೆ

ನಿದ್ದೆ ಬಾರದ ರಾತ್ರಿಯಲ್ಲಿ ಮನುಷ್ಯ ಮಾಡುವ ಕೆಲಸಕ್ಕೆ ಬಾರದ ಕೆಲಸಗಳಲ್ಲಿ ಸಮೀಕ್ಷೆಗಳಿಗೆ ಉತ್ತರಿಸುವುದೂ ಒಂದು. ಕೆಲವು ತಿಂಗಳ ಹಿಂದೆ ಅಂಥ ಒಂದು ರಾತ್ರಿ ಮೊಬೈಲಿನಲ್ಲಿ ಹವಾಮಾನ, ತೆರಿಗೆ, ಶಿಕ್ಷಣ ಎಂದು ಒಂದೊಂದಾಗಿ ಗುಂಡಿ ಒತ್ತುತ್ತ ಹೋಗುತ್ತಿದ್ದೆ. ನಡುವೆ ಇದ್ದಕ್ಕಿದ್ದಂತೆ ಇದು ಎದುರಾಯಿತು: ‘ಜಗತ್ತಿನ ಎಲ್ಲ ಅಣ್ವಸ್ತ್ರಗಳನ್ನು ನಿರ್ಮೂಲ ಮಾಡಬೇಕೆಂಬುದನ್ನು ನೀವು ಒಪ್ಪುತ್ತೀರಾ?’ ಅರೆಕ್ಷಣವೂ ಯೋಚಿಸದೆ ‘ಸಂಪೂರ್ಣವಾಗಿ ಒಪ್ಪುತ್ತೇನೆ’ ಒತ್ತಿದೆ. ಒತ್ತಿದ ಮೇಲೆ ಒಂದಿಷ್ಟು ಹೆಮ್ಮೆಯೂ ಆಯಿತೆನ್ನಿ, ಜಗತ್ತಿಗೆ ನನ್ನಿಂದಾದದ್ದು ಮಾಡಿದೆ ಎಂಬ ಥರ. ಮರುಕ್ಷಣ ಎರಡನೆಯ ಪ್ರಶ್ನೆ ಬಂತು: ‘ಬೇರೆ ದೇಶಗಳು ಒಪ್ಪದಿದ್ದರೂ ನಿಮ್ಮ ದೇಶ ತನ್ನ ಅಣ್ವಸ್ತ್ರಗಳನ್ನು ಬಿಟ್ಟುಕೊಡಬೇಕೆ?’

ಬೆರಳು ಗಾಳಿಯಲ್ಲೇ ನಿಂತಿತು.

ನಾನು ನನ್ನನ್ನು ಶಾಂತಿಪ್ರಿಯರ ಸಾಲಿನಲ್ಲಿ ಲೆಕ್ಕ ಹಾಕಿಕೊಂಡು ಬಂದವನು. ಆ ರಾತ್ರಿ ಗೊತ್ತಾದದ್ದೆಂದರೆ, ಬಾಂಬು ಬೇಡವೆನ್ನುವ ನನ್ನ ಮಾತಿಗೆ ನಾನು ಇದುವರೆಗೆ ಒಂದು ಪೈಸೆಯ ಬೆಲೆಯನ್ನೂ ತೆತ್ತಿರಲಿಲ್ಲ. ಕೊನೆಗೆ ಐದರಲ್ಲಿ ಮಧ್ಯದ ಆಯ್ಕೆಯನ್ನು, ‘ಹೇಳಲಾರೆ’ ಎಂಬುದನ್ನು, ಒತ್ತಿ ಮುಂದೆ ಹೋದೆ. ಸಮೀಕ್ಷೆಯ ಕೊನೆಯಲ್ಲಿ ‘ನಿಮ್ಮ ಅಭಿಪ್ರಾಯ ಅಮೂಲ್ಯ’ ಎಂದು ಬರೆದಿತ್ತು. ಬೆಲೆಯೇ ಇಲ್ಲದ್ದು ಎಂಬ ಅರ್ಥದಲ್ಲಿ ಆ ಮಾತು ನಿಜವೇ ಇರಬೇಕು.

ಅಂದಿನಿಂದ ಅಣ್ವಸ್ತ್ರಗಳ ಬಗ್ಗೆ ಜನ ಏನನ್ನುತ್ತಾರೆ ಎಂಬುದನ್ನು ಹುಡುಕಿ ಓದುವ ಚಟ ಹತ್ತಿದೆ. ಈ ಮೊದಲು ಬಾಂಬಿನ ಬಗ್ಗೆ ಓದಿದ್ದೆ. ಬಾಂಬಿನ ಬಗೆಗಿನ ಅಭಿಪ್ರಾಯದ ಬಗ್ಗೆ ಓದಿರಲಿಲ್ಲ. ಎರಡನೆಯದು ಒಂದು ರೀತಿಯಲ್ಲಿ ಹೆಚ್ಚು ದಿಗಿಲು ಹುಟ್ಟಿಸುತ್ತದೆ.

ಮೇಲುನೋಟಕ್ಕೆ ಅಂಕಿಗಳು ಬಹಳ ಹಿತವಾಗಿವೆ. 2008ರಲ್ಲಿ 21 ದೇಶಗಳಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ, ಕಾಲಮಿತಿ ಗೊತ್ತುಮಾಡಿ ಎಲ್ಲ ಅಣ್ವಸ್ತ್ರಗಳನ್ನು ತೊಡೆದುಹಾಕುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸರಾಸರಿ ಶೇ. 76ರಷ್ಟು ಜನ ಹೂಂ ಎಂದರು. ಬಾಂಬು ಇಟ್ಟುಕೊಂಡ ದೇಶಗಳವರೂ ಹಿಂದೆ ಬೀಳಲಿಲ್ಲ. ಫ್ರಾನ್ಸ್, ಚೀನಾ, ಬ್ರಿಟನ್ನುಗಳಲ್ಲಿ ಶೇ. 80ಕ್ಕೂ ಹೆಚ್ಚು, ಅಮೆರಿಕದಲ್ಲಿ ಶೇ. 77, ರಷ್ಯಾದಲ್ಲಿ ಶೇ. 69, ಭಾರತದಲ್ಲಿ ಶೇ. 62. ಒಪ್ಪಿದವರ ಪ್ರಮಾಣ ಅರ್ಧಕ್ಕಿಂತ ಕೆಳಗಿದ್ದದ್ದು ಪಾಕಿಸ್ತಾನದಲ್ಲಿ ಮಾತ್ರ. ಅಲ್ಲಿಯೂ ಬೇಡವೆಂದವರಿಗಿಂತ ಬೇಕೆಂದವರೇ ಸ್ವಲ್ಪ ಹೆಚ್ಚಿದ್ದರು. ಇಷ್ಟು ದೊಡ್ಡ ಬಹುಮತ ಯಾವ ಚುನಾವಣೆಯಲ್ಲಿ ಯಾವ ಪಕ್ಷಕ್ಕೆ ಸಿಕ್ಕೀತು?

ಆದರೆ ಪ್ರಶ್ನೆಯನ್ನು ಇನ್ನೊಮ್ಮೆ ಓದಬೇಕು. ಬಾಂಬು ಉಳ್ಳ ಎಲ್ಲರೂ ಬಿಡುತ್ತಾರೆ, ಇಲ್ಲದವರು ಮಾಡುವುದಿಲ್ಲವೆಂದು ಒಪ್ಪುತ್ತಾರೆ, ಎಲ್ಲರ ಮೇಲೂ ತಪಾಸಣೆ ಇರುತ್ತದೆ. ಇಷ್ಟನ್ನೂ ಪ್ರಶ್ನೆಯೇ ಕೊಟ್ಟುಬಿಟ್ಟಿದೆ. ಜಗತ್ತು ಎಂಬತ್ತು ವರ್ಷ ತಿಣುಕಿಯೂ ಸಾಧಿಸಲಾಗದ್ದನ್ನು ಒಂದು ವಾಕ್ಯದಲ್ಲಿ ಮುಗಿಸಿ, ಆಮೇಲೆ ‘ಒಪ್ಪುತ್ತೀರಾ?’ ಎಂದರೆ ಬೇಡವೆನ್ನುವುದಕ್ಕೆ ಯಾರಿಗೆ ಹುಚ್ಚು? ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ನಮ್ಮೆಲ್ಲರ ಆಸೆಯನ್ನು ಅಳೆದ ಸಮೀಕ್ಷೆ ಅದು. ಶೇ. 76 ಎಂಬುದು ಆ ಆಸೆಯ ಅಳತೆ.

ಪ್ರಶ್ನೆಯಿಂದ ‘ಎಲ್ಲ’ ಎಂಬ ಒಂದು ಪದವನ್ನು ತೆಗೆದು ನೋಡಿ. ಉತ್ತರ ಕೊರಿಯಾದ ನೆರೆಯಲ್ಲಿರುವ ದಕ್ಷಿಣ ಕೊರಿಯಾದಲ್ಲಿ 2021ರ ಕೊನೆಯಲ್ಲಿ ನಡೆದ ಸಮೀಕ್ಷೆಯಲ್ಲಿ ಶೇ. 71ರಷ್ಟು ಜನ ತಮ್ಮ ದೇಶ ಸ್ವಂತ ಅಣುಬಾಂಬು ಹೊಂದಬೇಕೆಂದರು. ಅಮೆರಿಕದ ಇಬ್ಬರು ವಿದ್ವಾಂಸರು, ಸ್ಕಾಟ್ ಸೇಗನ್ ಮತ್ತು ಬೆಂಜಮಿನ್ ವ್ಯಾಲೆಂಟಿನೊ, 2017ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕಹಿ. ಇರಾನಿನೊಂದಿಗೆ ಯುದ್ಧ ನಡೆಯುತ್ತಿದೆ. ನೆಲದ ಮೇಲೆ ಮುನ್ನುಗ್ಗಿದರೆ ಸುಮಾರು 20,000 ಅಮೆರಿಕನ್ ಸೈನಿಕರು ಸಾಯುತ್ತಾರೆ. ಅದರ ಬದಲು ಒಂದು ನಗರದ ಮೇಲೆ ಬಾಂಬು ಹಾಕಬಹುದು. ಈ ಕಲ್ಪಿತ ಸನ್ನಿವೇಶವನ್ನು ಸಾಮಾನ್ಯ ಅಮೆರಿಕನ್ನರ ಮುಂದಿಟ್ಟಾಗ ಹತ್ತಿರ ಹತ್ತಿರ ಶೇ. 60ರಷ್ಟು ಜನ ಬಾಂಬು ಹಾಕುವುದನ್ನು ಅನುಮೋದಿಸಿದರು. ಸಾಯುವ ನಾಗರಿಕರ ಸಂಖ್ಯೆಯನ್ನು ಒಂದು ಲಕ್ಷದಿಂದ ಇಪ್ಪತ್ತು ಲಕ್ಷಕ್ಕೆ ಏರಿಸಿದರೂ ಆ ಅನುಮೋದನೆ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು.

ಇವರು ಬೇರೆ, ಆ ಶೇ. 77 ಬೇರೆ ಎಂದುಕೊಳ್ಳುವಂತಿಲ್ಲ. 77ನ್ನೂ 60ನ್ನೂ ಕೂಡಿದರೆ ನೂರನ್ನು ಮೀರುತ್ತದೆ. ಎರಡರ ನಡುವಿನ ವರ್ಷಗಳ ಅಂತರವನ್ನು ಲೆಕ್ಕಕ್ಕೆ ಹಿಡಿದರೂ, ಎರಡೂ ಗುಂಪಿನಲ್ಲಿ ನಿಲ್ಲುವ ಮಂದಿ ಬಹಳಷ್ಟು ಇರಲೇಬೇಕು. ನನ್ನ ಬೆರಳು ನಿಂತದ್ದನ್ನು ಕಂಡವನಾದ್ದರಿಂದ ನನಗೆ ಅವರ ಮೇಲೆ ಸಿಟ್ಟೇನೂ ಬರಲಿಲ್ಲ.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಪದಗಳಿವೆ. ‘ಅನಿಸಿಕೆ’ ಎನ್ನುತ್ತೇವೆ: ಅನ್ನಿಸಿದ್ದು, ತಾನಾಗಿ ಬಂದದ್ದು, ತಾನಾಗಿ ಹೋಗಬಹುದಾದದ್ದು. ‘ನಿಲುವು’ ಎಂದೂ ಎನ್ನುತ್ತೇವೆ: ನಿಂತದ್ದು. ಅನಿಸಿಕೆಗೆ ಬಾಯಿದ್ದರೆ ಸಾಕು, ನಿಲುವಿಗೆ ಕಾಲು ಬೇಕು. ಪತ್ರಿಕೆಗಳು ಎರಡನ್ನೂ ಸೇರಿಸಿ ‘ಜನಾಭಿಪ್ರಾಯ’ ಎಂದು ಬರೆದುಬಿಡುವುದರಿಂದ ಗೊಂದಲವಾಗುತ್ತದೆ. ಶೇ. 76 ಅನಿಸಿಕೆ. ಅದು ನಿಲುವಾದ ಸಂದರ್ಭಗಳು ಚರಿತ್ರೆಯಲ್ಲಿ ಇಲ್ಲವೇ ಎಂದು ಹುಡುಕಹೊರಟಾಗ ನನಗೆ ಸಿಕ್ಕಿದ್ದು ಮೀನು ಮತ್ತು ಹಾಲುಹಲ್ಲು.

ಮೊದಲಿಗೆ ನಿಲುವೂ ಇರಲಿಲ್ಲ, ಅನಿಸಿಕೆಯೂ ಬೇರೆಯೇ ಇತ್ತು. 1945ರ ಆಗಸ್ಟಿನಲ್ಲಿ ಗ್ಯಾಲಪ್ ಸಂಸ್ಥೆ ಕೇಳಿದಾಗ ಶೇ. 85ರಷ್ಟು ಅಮೆರಿಕನ್ನರು ಬಾಂಬು ಹಾಕಿದ್ದು ಸರಿ ಎಂದಿದ್ದರು. ಹಿರೋಷಿಮಾದಲ್ಲಿ ಆ ವರ್ಷ ಮುಗಿಯುವುದರೊಳಗೆ ಸುಮಾರು 1,40,000 ಜನ, ನಾಗಸಾಕಿಯಲ್ಲಿ 70,000ಕ್ಕೂ ಹೆಚ್ಚು ಜನ ತೀರಿಕೊಂಡರೆಂಬ ಲೆಕ್ಕ ಆಗ ಉತ್ತರ ಕೊಟ್ಟವರ ಮುಂದಿರಲಿಲ್ಲ ಎಂಬುದನ್ನೂ ಹೇಳಬೇಕು. ಎಪ್ಪತ್ತು ವರ್ಷಗಳ ನಂತರ, 2015ರಲ್ಲಿ, ಪ್ಯೂ ಸಂಸ್ಥೆ ಅದನ್ನೇ ಕೇಳಿದಾಗ ‘ಸರಿ’ ಎಂದವರು ಶೇ. 56. ವಿಶ್ವಸಂಸ್ಥೆಯ ಮಹಾಸಭೆ 1946ರ ಜನವರಿ 24ರಂದು ಅಂಗೀಕರಿಸಿದ ಮೊಟ್ಟಮೊದಲ ನಿರ್ಣಯವೇ ಅಣ್ವಸ್ತ್ರಗಳನ್ನು ಇಲ್ಲವಾಗಿಸುವ ದಾರಿ ಹುಡುಕಬೇಕೆಂಬುದಾಗಿತ್ತು. ಆ ನಿರ್ಣಯಕ್ಕೆ ಈಗ ಎಂಬತ್ತರ ವಯಸ್ಸು.

ಮೀನಿನ ಕಥೆ 1954ರದು. ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ ದ್ವೀಪದಲ್ಲಿ 15 ಮೆಗಾಟನ್ ಶಕ್ತಿಯ ಜಲಜನಕ ಬಾಂಬನ್ನು ಸಿಡಿಸಿತು. ಹಿರೋಷಿಮಾದ ಬಾಂಬಿನ ಸಾವಿರ ಪಟ್ಟು. ದೂರದಲ್ಲಿ, ಅಪಾಯದ ವಲಯವೆಂದು ಘೋಷಿಸಿದ್ದ ಗೆರೆಯ ಆಚೆಗೆ, 23 ಜನ ಜಪಾನಿ ಮೀನುಗಾರರಿದ್ದ ದೋಣಿಯೊಂದಿತ್ತು. ಹೆಸರು ‘ದೈಗೊ ಫುಕುರ್ಯು ಮಾರು’, ಎಂದರೆ ಅದೃಷ್ಟದ ಡ್ರ್ಯಾಗನ್ ಐದು. ಹೆಸರಿಡುವವರಿಗೆ ಮುಂದಿನದು ಗೊತ್ತಿರುವುದಿಲ್ಲ. ಅವರ ಮೇಲೆ ಬಿಳಿಯ ಬೂದಿ ಸುರಿಯಿತು, ಹವಳದ ಪುಡಿ. ಎರಡು ವಾರಗಳ ನಂತರ ಬಂದರಿಗೆ ಮರಳುವ ಹೊತ್ತಿಗೆ ಚರ್ಮ ಸುಟ್ಟಿತ್ತು, ಕೂದಲು ಉದುರುತ್ತಿತ್ತು. ದೋಣಿಯ ರೇಡಿಯೊ ಅಧಿಕಾರಿ ಐಕಿಚಿ ಕುಬೊಯಾಮ ಸೆಪ್ಟೆಂಬರ್ 23ರಂದು ತೀರಿಕೊಂಡರು.

ಆದರೆ ಜಪಾನನ್ನು ಬೀದಿಗಿಳಿಸಿದ್ದು ಆ ಸಾವೊಂದೇ ಆಗಿರಲಿಲ್ಲ. ಆ ದೋಣಿ ತಂದ ಮೀನು ಆಗಲೇ ಮಾರುಕಟ್ಟೆ ಸೇರಿತ್ತು. ಆಮೇಲೆ ಬಂದ ನೂರಾರು ದೋಣಿಗಳ ಮೀನಿನಲ್ಲೂ ವಿಕಿರಣ ಪತ್ತೆಯಾಗಿ, ಟನ್ನುಗಟ್ಟಲೆ ಟ್ಯೂನಾವನ್ನು ಹೂಳಬೇಕಾಯಿತು. ಮಳೆನೀರಿನಲ್ಲೂ ವಿಕಿರಣವಿದೆಯೆಂಬ ಸುದ್ದಿ ಬಂತು. ಟೋಕಿಯೊದ ಸುಗಿನಾಮಿ ಎಂಬ ವಸತಿ ಪ್ರದೇಶದ ಗೃಹಿಣಿಯರು, ಮೀನಂಗಡಿಯವರು, ಓದುಗ ಕೂಟಗಳ ಹೆಂಗಸರು ಜಲಜನಕ ಬಾಂಬಿನ ವಿರುದ್ಧ ಸಹಿ ಸಂಗ್ರಹಕ್ಕೆ ಹೊರಟರು. ಪಕ್ಷವಿಲ್ಲ, ನಾಯಕನ ದೊಡ್ಡ ಭಾವಚಿತ್ರವಿಲ್ಲ, ಮನೆಯಿಂದ ಮನೆಗೆ ಒಂದು ಹಾಳೆ. ಮರುವರ್ಷ ಆಗಸ್ಟಿನಲ್ಲಿ ಹಿರೋಷಿಮಾದಲ್ಲಿ ಅಣು ಮತ್ತು ಜಲಜನಕ ಬಾಂಬುಗಳ ವಿರುದ್ಧ ಮೊದಲ ಜಾಗತಿಕ ಸಮ್ಮೇಳನ ಸೇರುವ ಹೊತ್ತಿಗೆ ದೇಶದಾದ್ಯಂತ ಸಹಿಗಳು ಮೂರು ಕೋಟಿ ದಾಟಿದ್ದವು. ಬಾಂಬಿಗೆ ತುತ್ತಾದ ಹಿರೋಷಿಮಾ, ನಾಗಸಾಕಿಗಳ ಹಿಬಾಕುಷಾಗಳು, ಎಂದರೆ ಬದುಕುಳಿದವರು, ಅದುವರೆಗೆ ಮೌನದಲ್ಲಿ, ಮದುವೆಗೂ ಕೆಲಸಕ್ಕೂ ಬೇಡವಾಗಿ ಬದುಕುತ್ತಿದ್ದವರು. ಈ ಅಲೆಯ ಮೇಲೆಯೇ ಅವರೂ 1956ರಲ್ಲಿ ನಿಹೊನ್ ಹಿಡಾಂಕ್ಯೊ ಎಂಬ ತಮ್ಮದೇ ಸಂಘಟನೆ ಕಟ್ಟಿಕೊಂಡರು. ಒಂಬತ್ತು ವರ್ಷ ಎರಡು ನಗರಗಳ ಬೂದಿ ಮಾಡದ್ದನ್ನು ಅಡುಗೆಮನೆಗೆ ಬಂದ ಮೀನು ಮಾಡಿತು. ಹೀಗೆ ಬರೆಯುವಾಗ ನನಗೆ ಮುಜುಗರವಾಗುತ್ತದೆ, ಆದರೂ ಅಳಿಸಲಾರೆ.

ಹಲ್ಲಿನ ಕಥೆಯೂ ಇದೇ ಜಾಡಿನದು. ಬಯಲಲ್ಲಿ ಸಿಡಿಸಿದ ಬಾಂಬುಗಳಿಂದ ಸ್ಟ್ರಾನ್ಷಿಯಂ-90 ಎಂಬ ವಿಕಿರಣ ಧಾತು ಗಾಳಿಗೆ ಸೇರಿ, ಹುಲ್ಲಿಗೆ ಇಳಿದು, ಹಸುವಿನ ಹಾಲಿಗೆ ಬರುತ್ತದೆ. ದೇಹ ಅದನ್ನು ಕ್ಯಾಲ್ಸಿಯಂ ಎಂದೇ ತಿಳಿದು ಮೂಳೆ ಹಲ್ಲುಗಳಲ್ಲಿ ಕೂಡಿಡುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1958ರ ಕೊನೆಯಿಂದ ವಿಜ್ಞಾನಿಗಳೂ ನಾಗರಿಕರೂ ಸೇರಿ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸತೊಡಗಿದರು. ಹಲ್ಲು ಕೊಟ್ಟ ಮಗುವಿಗೆ ‘ವಿಜ್ಞಾನಕ್ಕೆ ನನ್ನ ಹಲ್ಲು ಕೊಟ್ಟೆ’ ಎಂಬ ಬಿಲ್ಲೆ ಸಿಗುತ್ತಿತ್ತು. ಎಲ್ಲ ಸೇರಿ ಸುಮಾರು ಮೂರು ಲಕ್ಷ ಹಲ್ಲುಗಳು ಬಂದವು. ಪರೀಕ್ಷಾ ಸ್ಫೋಟಗಳು ಹೆಚ್ಚಿದಂತೆ ಹಲ್ಲಿನಲ್ಲಿ ಸ್ಟ್ರಾನ್ಷಿಯಂ ಹೆಚ್ಚಿದ್ದು ಸ್ಪಷ್ಟವಾಗಿತ್ತು. 1961ರ ನವೆಂಬರ್ 1ರಂದು ಅಮೆರಿಕದ ಹತ್ತಾರು ನಗರಗಳಲ್ಲಿ ತಾಯಂದಿರು ಬೀದಿಗಿಳಿದರು. 1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್‌ಗಳು ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಸ್ಫೋಟ ನಡೆಸುವುದಿಲ್ಲವೆಂದು ಸಹಿ ಹಾಕಿದವು.

ಜನಾಭಿಪ್ರಾಯ ಗೆದ್ದಿತು ಎಂದು ಕಥೆಯನ್ನು ಇಲ್ಲಿಗೆ ಮುಗಿಸುವವರಿದ್ದಾರೆ. ನನಗೆ ಹೆಚ್ಚು ಕುತೂಹಲವಿರುವುದು ಮುಂದಿನ ಅಧ್ಯಾಯದಲ್ಲಿ. ಆ ಪಟ್ಟಿಯಲ್ಲಿ ಒಂದು ಜಾಗ ಬಿಟ್ಟುಹೋಗಿದೆ: ನೆಲದಡಿ. ಸ್ಫೋಟಗಳು ಸುರಂಗಗಳಿಗೆ ಇಳಿದವು, ಮತ್ತು ಮೊದಲಿಗಿಂತ ಕಡಿಮೆಯೇನೂ ಆಗಲಿಲ್ಲ. ಇಂದಿನವರೆಗೆ ನಡೆದಿರುವ 2,000ಕ್ಕೂ ಹೆಚ್ಚು ಪರೀಕ್ಷೆಗಳಲ್ಲಿ ಮುಕ್ಕಾಲು ಪಾಲು ನೆಲದಡಿಯವೇ. ಹಾಲು ಶುದ್ಧವಾಯಿತು, ಜನ ಮನೆಗೆ ಹೋದರು. ನಮ್ಮ ತಟ್ಟೆಗೆ ಬಾರದ ಬಾಂಬಿನ ಜೊತೆ ನಾವು ಸಂಸಾರ ಮಾಡಬಲ್ಲೆವು ಎಂಬುದನ್ನು ಅಂದು ಸರ್ಕಾರಗಳು ಕಲಿತವು. ನನ್ನ ಮಟ್ಟಿಗೆ, ಅಂದು ಆದ ಅತಿದೊಡ್ಡ ಸೋಲು ಅದು, ಗೆಲುವಿನ ಉಡುಪಿನಲ್ಲಿ ಬಂದದ್ದು.

ಎಂಬತ್ತರ ದಶಕದಲ್ಲೂ ಹೀಗೆಯೇ ಒಂದು ಅಲೆ ಎದ್ದು ಇಳಿಯಿತು. 1982ರ ಜೂನ್ 12ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಹತ್ತು ಲಕ್ಷದಷ್ಟು ಜನ. ಬ್ರಿಟನ್ನಿನ ಗ್ರೀನಮ್ ಕಾಮನ್ ವಾಯುನೆಲೆಯ ಬೇಲಿಯ ಸುತ್ತ ಅದೇ ಡಿಸೆಂಬರಿನಲ್ಲಿ ಕೈಕೈ ಹಿಡಿದು ನಿಂತ 30,000 ಹೆಂಗಸರು. 1987ರಲ್ಲಿ ರೇಗನ್ ಮತ್ತು ಗೋರ್ಬಚೇವ್ ಸಹಿ ಹಾಕಿದ ಒಪ್ಪಂದ ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳನ್ನು ಇಡೀ ವರ್ಗವಾಗಿ ಅಳಿಸಿತು. 1986ರಲ್ಲಿ 70,000ದ ಆಸುಪಾಸಿನಲ್ಲಿದ್ದ ಸಿಡಿತಲೆಗಳು ಈಗ 12,000ದಷ್ಟಾಗಿವೆ. ಈ ಇಳಿಕೆ ಸಣ್ಣದಲ್ಲ. ಆದರೆ 1991ರ ನಂತರ ಬೀದಿ ಖಾಲಿಯಾಯಿತು, ಉಳಿದ ಹನ್ನೆರಡು ಸಾವಿರದ ಪಾಲಿಗೆ ಯಾರೂ ಬೇಲಿಯ ಸುತ್ತ ನಿಲ್ಲಲಿಲ್ಲ.

ಜನರನ್ನು ನೇರವಾಗಿ, ಮತಪೆಟ್ಟಿಗೆಯ ಮುಂದೆ ನಿಲ್ಲಿಸಿ, ಬೆಲೆಯನ್ನೂ ತಿಳಿಸಿ ಕೇಳಿದರೆ ಏನಾಗುತ್ತದೆ? ಇದಕ್ಕೆ ಒಂದು ಉತ್ತರ ಪೆಸಿಫಿಕ್ ಸಾಗರದ ಪಲಾವ್‌ನಲ್ಲಿದೆ. ಹದಿನೈದು ಸಾವಿರದಷ್ಟು ಜನರ ಈ ದ್ವೀಪಸಮೂಹ 1979ರಲ್ಲಿ ಜಗತ್ತಿನ ಮೊದಲ ಅಣ್ವಸ್ತ್ರಮುಕ್ತ ಸಂವಿಧಾನವನ್ನು ಶೇ. 92ರ ಬೆಂಬಲದಿಂದ ಒಪ್ಪಿಕೊಂಡಿತು. ತಮ್ಮ ನೆಲಕ್ಕೆ ಅಣ್ವಸ್ತ್ರ ತರಬೇಕಾದರೆ ನಾಲ್ವರಲ್ಲಿ ಮೂವರು ಮತದಾರರು ಒಪ್ಪಬೇಕು ಎಂಬುದು ಅದರ ಷರತ್ತು. ಆಗ ಪಲಾವ್ ಅಮೆರಿಕದ ಆಡಳಿತದಲ್ಲಿತ್ತು. ಸ್ವಾತಂತ್ರ್ಯದ ಜೊತೆಗೆ ಬರಬೇಕಿದ್ದ ನೆರವಿನ ಒಪ್ಪಂದದಲ್ಲಿ ಅಮೆರಿಕದ ಯುದ್ಧನೌಕೆಗಳಿಗೆ ಜಾಗವಿತ್ತು, ಅವುಗಳಲ್ಲಿ ಅಣ್ವಸ್ತ್ರವಿದೆಯೋ ಇಲ್ಲವೋ ಎಂದು ಹೇಳುವ ಪದ್ಧತಿ ಅಮೆರಿಕಕ್ಕಿರಲಿಲ್ಲ. ಮತ್ತೆ ಮತ್ತೆ ಮತದಾನವಾಯಿತು. ಪ್ರತಿ ಬಾರಿಯೂ ಒಪ್ಪಂದಕ್ಕೆ ಬಹುಮತ ಬಂತು, ಮುಕ್ಕಾಲು ಪಾಲು ಮಾತ್ರ ಬರಲಿಲ್ಲ. ಬೊಕ್ಕಸ ಬರಿದಾಗಿ 1987ರಲ್ಲಿ ನೂರಾರು ಸರ್ಕಾರಿ ನೌಕರರನ್ನು ಮನೆಗೆ ಕಳುಹಿಸಲಾಯಿತು, ಬೆದರಿಕೆಗಳು ನಡೆದವು. ಷರತ್ತನ್ನೇ ಬದಲಿಸುವ ಯತ್ನದ ವಿರುದ್ಧ ಹಿರಿಯ ಹೆಂಗಸರು ನ್ಯಾಯಾಲಯದ ಮೆಟ್ಟಿಲೇರಿದರು. ಕೊನೆಗೆ 1992ರಲ್ಲಿ ಸಂವಿಧಾನ ತಿದ್ದಿ ಸರಳ ಬಹುಮತ ಸಾಕೆಂದಾಯಿತು, 1993ರಲ್ಲಿ ಒಪ್ಪಂದ ಗೆದ್ದಿತು, 1994ರ ಅಕ್ಟೋಬರ್ 1ರಂದು ಪಲಾವ್ ಸ್ವತಂತ್ರವಾಯಿತು.

ಇದನ್ನು ಸೋಲೆಂದು ಬರೆಯಲು ನನಗೆ ಮನಸ್ಸಿಲ್ಲ. ಹದಿನಾಲ್ಕು ವರ್ಷ ಆ ಜನರಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚಿನವರು, ಬಡತನದ ಲೆಕ್ಕವನ್ನು ಎದುರಿಗಿಟ್ಟುಕೊಂಡೇ, ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟರು. ನಾನು ‘ಹೇಳಲಾರೆ’ ಎಂದು ದಾಟಿಹೋದ ಪ್ರಶ್ನೆಗೆ.

ನ್ಯೂಜಿಲೆಂಡಿನವರು ಉತ್ತರಿಸಿದ ಬಗೆ ಇನ್ನೂ ಮನುಷ್ಯಸಹಜವಾದದ್ದು. 1985ರಲ್ಲಿ ಅವರ ಸರ್ಕಾರ ಯುಎಸ್‌ಎಸ್ ಬುಕಾನನ್ ಎಂಬ ಅಮೆರಿಕದ ಹಡಗನ್ನು ಬಂದರಿಗೆ ಬಿಡಲಿಲ್ಲ. ಜನರನ್ನು ಕೇಳಿದಾಗ ಬಹುಮತಕ್ಕೆ ಅಣ್ವಸ್ತ್ರಮುಕ್ತ ದೇಶವೂ ಬೇಕಿತ್ತು, ಅಮೆರಿಕದ ಮೈತ್ರಿಯೂ ಬೇಕಿತ್ತು. ಎರಡೂ ಒಟ್ಟಿಗೆ ಸಿಗುವುದಿಲ್ಲವೆಂದು ಅಮೆರಿಕ ಸ್ಪಷ್ಟಪಡಿಸಿತು. 1987ರಲ್ಲಿ ಸರ್ಕಾರ ಕಾನೂನು ಮಾಡಿ ಮೊದಲನೆಯದನ್ನು ಆರಿಸಿಕೊಂಡಿತು. ಆಮೇಲೆ ಜನರ ಅಭಿಪ್ರಾಯ ಕಾನೂನಿನ ಸುತ್ತ ಗಟ್ಟಿಯಾಗುತ್ತ ಹೋಗಿ, ಇಂದು ಅದನ್ನು ಮುಟ್ಟುವ ಧೈರ್ಯ ಅಲ್ಲಿನ ಯಾವ ದೊಡ್ಡ ಪಕ್ಷಕ್ಕೂ ಇಲ್ಲ. ಜನಾಭಿಪ್ರಾಯ ಮುಂದೆ, ಕಾನೂನು ಹಿಂದೆ ಎಂದು ನಾವು ಅಂದುಕೊಳ್ಳುತ್ತೇವೆ. ಬಂಡಿ ಎತ್ತನ್ನು ಎಳೆದ ಉದಾಹರಣೆಗಳೂ ಉಂಟು.

ಎದುರುವಾದವನ್ನು ನಾನು ಹಗುರವಾಗಿ ತಳ್ಳಿಹಾಕುವವನಲ್ಲ. ಸೋವಿಯತ್ ಒಕ್ಕೂಟ ಒಡೆದಾಗ ಉಕ್ರೇನಿನ ನೆಲದಲ್ಲಿ ಜಗತ್ತಿನ ಮೂರನೆಯ ಅತಿದೊಡ್ಡ ಅಣ್ವಸ್ತ್ರ ಸಂಗ್ರಹ ಉಳಿದಿತ್ತು. 1994ರ ಡಿಸೆಂಬರಿನಲ್ಲಿ ಬುಡಾಪೆಸ್ಟಿನಲ್ಲಿ ಅಮೆರಿಕ, ಬ್ರಿಟನ್, ರಷ್ಯಾಗಳು ಗಡಿಗಳ ಬಗ್ಗೆ ಭರವಸೆ ಕೊಟ್ಟವು, ಉಕ್ರೇನ್ ಆ ಅಸ್ತ್ರಗಳನ್ನು ಒಪ್ಪಿಸಿತು. ಅವುಗಳ ಗುಂಡಿ ಕೀವ್‌ನಲ್ಲಿರಲಿಲ್ಲ, ಮಾಸ್ಕೋದಲ್ಲಿತ್ತು ಎಂಬುದು ನಿಜ. ಆದರೆ ಉಕ್ರೇನಿನ ಮೇಲೆ ರಷ್ಯಾ ನಡೆಸಿದ 2014ರ, 2022ರ ದಾಳಿಗಳ ನಂತರ ಸಾಮಾನ್ಯ ಮನುಷ್ಯನಿಗೆ ಈ ಸೂಕ್ಷ್ಮ ನೆನಪಿರುವುದಿಲ್ಲ, ‘ಕೊಟ್ಟರು, ಕೆಟ್ಟರು’ ಎಂಬುದಷ್ಟೇ ಉಳಿಯುತ್ತದೆ. ಜರ್ಮನಿಯ ಬ್ಯೂಷೆಲ್ ವಾಯುನೆಲೆಯ ಅಮೆರಿಕನ್ ಬಾಂಬುಗಳು ತೊಲಗಲಿ ಎನ್ನುತ್ತಿದ್ದ ಜರ್ಮನ್ನರಲ್ಲಿ, 2022ರ ಜೂನ್ ಹೊತ್ತಿಗೆ ಶೇ. 52ರಷ್ಟು ಮಂದಿ ಇರಲಿ ಬಿಡಿ ಎಂದರು. ಅವರು ಕೆಟ್ಟವರಾಗಲಿಲ್ಲ, ಹೆದರಿದರು. 1954ರಲ್ಲಿ ಜನರನ್ನು ಬಾಂಬಿನ ವಿರುದ್ಧ ತಿರುಗಿಸಿದ್ದೂ ಭಯ, 2022ರಲ್ಲಿ ಬಾಂಬಿನ ಮಡಿಲಿಗೆ ಸೇರಿಸಿದ್ದೂ ಭಯ. ಭಯವನ್ನು ನೆಚ್ಚಿಕೊಂಡ ಚಳವಳಿ ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. (ಬಾಂಬಿನಿಂದಲೇ ಎಂಬತ್ತು ವರ್ಷ ಮಹಾಯುದ್ಧವಿಲ್ಲದೆ ಕಳೆದೆವು ಎನ್ನುವವರಿಗೆ ಮಾತ್ರ 1983ರ ಸೆಪ್ಟೆಂಬರ್ 26ರ ರಾತ್ರಿಯನ್ನು ನೆನಪಿಸಬೇಕೆನ್ನಿಸುತ್ತದೆ. ಅಮೆರಿಕದ ಕ್ಷಿಪಣಿಗಳು ಬರುತ್ತಿವೆ ಎಂದು ಸೋವಿಯತ್ ಉಪಗ್ರಹ ವ್ಯವಸ್ಥೆ ಕೂಗಿಕೊಂಡಾಗ, ಅದು ಯಂತ್ರದ ತಪ್ಪಿರಬೇಕೆಂದು ಸ್ಟಾನಿಸ್ಲಾವ್ ಪೆಟ್ರೊವ್ ಎಂಬ ಅಧಿಕಾರಿ ತನ್ನ ಅಂದಾಜಿನ ಮೇಲೆ ಭಾರ ಹಾಕಿ ಕುಳಿತಿದ್ದ. ಆ ರಾತ್ರಿ ನಮ್ಮನ್ನು ಕಾಪಾಡಿದ್ದು ಬಾಂಬಲ್ಲ.)

ಈ ಓದಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನೆದರ್ಲೆಂಡ್ಸಿನ ಒಂದು ಕುರ್ಚಿ. ಅಣ್ವಸ್ತ್ರ ನಿಷೇಧ ಒಪ್ಪಂದದ ಮಾತುಕತೆ 2017ರಲ್ಲಿ ವಿಶ್ವಸಂಸ್ಥೆಯಲ್ಲಿ ನಡೆದಾಗ ಬಾಂಬುಳ್ಳ ಒಂಬತ್ತೂ ದೇಶಗಳು ದೂರ ಉಳಿದವು, ನೇಟೊ ಸದಸ್ಯರೂ ದೂರ ಉಳಿದರು, ನೆದರ್ಲೆಂಡ್ಸ್ ಒಂದನ್ನು ಬಿಟ್ಟು. ಅಲ್ಲಿನ ನಾಗರಿಕರು 45,000 ಸಹಿಗಳ ಅರ್ಜಿಯಿಂದ ಸಂಸತ್ತಿನಲ್ಲಿ ಚರ್ಚೆ ಎಬ್ಬಿಸಿ, ಸರ್ಕಾರವನ್ನು ಮಾತುಕತೆಗೆ ಹೋಗುವಂತೆ ಮಾಡಿದ್ದರು. ಜುಲೈ 7ರಂದು ಮತಕ್ಕೆ ಹಾಕಿದಾಗ ಪರವಾಗಿ 122, ವಿರುದ್ಧವಾಗಿ 1, ತಟಸ್ಥ 1. ಸಿಂಗಪುರ ತಟಸ್ಥವಾಗಿತ್ತು. ಆ ಒಂದು ವಿರೋಧ ನೆದರ್ಲೆಂಡ್ಸಿನದು. ಸಹಿಗಳು ಸರ್ಕಾರವನ್ನು ಕುರ್ಚಿಯವರೆಗೆ ಎಳೆತಂದವು, ಕೈಯನ್ನು ಮೇಲೆತ್ತಿಸಲಾಗಲಿಲ್ಲ. ಬಾರದೆ ಹೊರಗೆ ನಿಂತವರಿಗಿಂತ ಬಂದು ಬೇಡವೆಂದವರು ಮೇಲು ಎಂದೇ ನನ್ನ ಎಣಿಕೆ. ಬಂದವರು ತಮ್ಮ ಜನರಿಗೆ ಕಾರಣ ಹೇಳಬೇಕಾಯಿತು. ಒಪ್ಪಂದ 2021ರ ಜನವರಿ 22ರಂದು ಜಾರಿಗೆ ಬಂತು. ಬಾಂಬುಳ್ಳ ಯಾವ ದೇಶವೂ ಅದರಲ್ಲಿಲ್ಲ.

ಜಪಾನೂ ಇಲ್ಲ. ಅಮೆರಿಕದ ಅಣ್ವಸ್ತ್ರದ ಕೊಡೆಯಡಿಯಲ್ಲಿರುವ ಜಪಾನಿನಲ್ಲಿ ಸಮೀಕ್ಷೆ ನಡೆದಾಗಲೆಲ್ಲ ಬಹುಮತ ಒಪ್ಪಂದಕ್ಕೆ ಸೇರಬೇಕೆನ್ನುತ್ತದೆ, ಸರ್ಕಾರ ಸೇರುವುದಿಲ್ಲ, ಆ ಕಾರಣಕ್ಕೆ ಯಾವ ಸರ್ಕಾರವೂ ಬೀಳುವುದಿಲ್ಲ. ಹಿಬಾಕುಷಾಗಳ ಸಂಖ್ಯೆ 2025ರ ಮಾರ್ಚ್ ಹೊತ್ತಿಗೆ ಒಂದು ಲಕ್ಷಕ್ಕಿಂತ ಕೆಳಗಿಳಿದಿದೆ. ಆಗ ಅವರ ಸರಾಸರಿ ವಯಸ್ಸು 86.

2024ರ ನೊಬೆಲ್ ಶಾಂತಿ ಪ್ರಶಸ್ತಿ ನಿಹೊನ್ ಹಿಡಾಂಕ್ಯೊಗೆ ಬಂದಾಗ, ಡಿಸೆಂಬರ್ 10ರಂದು ಓಸ್ಲೊದಲ್ಲಿ ಮಾತನಾಡಿದವರು 92ರ ತೆರುಮಿ ತನಾಕ. ನಾಗಸಾಕಿಯಲ್ಲಿ ಬಾಂಬು ಬಿದ್ದಾಗ ಹದಿಮೂರರ ಹುಡುಗ, ಐವರು ಬಂಧುಗಳನ್ನು ಕಳೆದುಕೊಂಡವರು. ಬಾಂಬಿಗೆ ಬಲಿಯಾದವರಿಗೆ ಜಪಾನ್ ಸರ್ಕಾರ ಇದುವರೆಗೆ ಪರಿಹಾರ ಕೊಟ್ಟಿಲ್ಲ ಎಂಬ ಮಾತು ಅವರ ಬರೆದ ಭಾಷಣದಲ್ಲಿತ್ತು. ಅದನ್ನು ಓದಿದ ಮೇಲೆ ಅವರು ಹಾಳೆಯಿಂದ ತಲೆಯೆತ್ತಿದರು. ಬರೆದುಕೊಂಡಿರದಿದ್ದರೂ, ಸತ್ತವರಿಗೆ ಸರ್ಕಾರ ಏನನ್ನೂ ಕೊಟ್ಟಿಲ್ಲ ಎಂಬುದನ್ನು ಇನ್ನೊಮ್ಮೆ ಹೇಳಿದರು. ಆಮೇಲೆ ಹಾಳೆಗೆ ಮರಳಿ ಮುಂದಿನ ಸಾಲು ಓದಿದರು.